ಮೊಳೆ ಹೊಡೆಯದೆ ಮನೆ ಸಿಂಗರಿಸಿದ ಪ್ರಸಂಗ

ಗೋಡೆಗೆ ಮೊಳೆ ಹೊಡೆಯಬಾರದು. ಇದು ಶಿವಮೊಗ್ಗದ ರವೀಂದ್ರನಗರದಲ್ಲಿ ನಮ್ಮ ಮನೆಯ ಓನರ್ ಆಗಿದ್ದ ಪುಟ್ಟಯ್ಯನವರ ಏಕೈಕ ಧರ್ಮೋಪದೇಶ. ಸುಳ್ಳು ಹೇಳಿ, ಜಗಳ ಆಡಿ, ಬಾಡಿಗೆ ತಡ ಮಾಡಿ, ಹೇಗೋ ಸಹಿಸಿಕೊಂಡಾರು. ಸುತ್ತಿಗೆಯ ಸದ್ದು ಒಂದು ಕೇಳಿಸಿದರೆ ಮಹಡಿಯಿಂದ ಬರಿಗಾಲಲ್ಲೇ ಇಳಿದು ಬರುವ ಮನುಷ್ಯ.

ಹೀಗಾಗಿ ನಮ್ಮ ಕ್ಯಾಲೆಂಡರು ಕಿಟಕಿಯ ಸರಳಿಗೆ ನೇತಾಡುತ್ತಿತ್ತು. ಗಾಳಿ ಬೀಸಿದರೆ ಶ್ರಾವಣ, ಭಾದ್ರಪದ ಎಲ್ಲ ಒಟ್ಟಿಗೇ ಬಂದುಹೋಗುತ್ತಿದ್ದವು. ಗಡಿಯಾರ ಫ್ರಿಜ್ಜಿನ ಮೇಲೆ ಅಂಗಾತ ಮಲಗಿತ್ತು. ಟೈಮ್ ನೋಡಬೇಕಾದರೆ ಬಾವಿಗೆ ಇಣುಕಿದ ಹಾಗೆ ಇಣುಕಬೇಕು. ಹಾರ ಹಾಕಿದ ನಮ್ಮ ದಿವಂಗತ ಮಾವನವರ ಫೋಟೋಗೆ ಹಾಲ್‌ನ ಒಳ್ಳೆಯ ಕುರ್ಚಿ ಮೀಸಲು. ಮಾವ ಕೂತಿರುತ್ತಿದ್ದರು, ಬಂದ ನೆಂಟರು ನಿಂತಿರುತ್ತಿದ್ದರು.

ನನ್ನ ಹೆಸರು ಧನಲಕ್ಷ್ಮಿ. ಭದ್ರಾವತಿ ಕಾರ್ಖಾನೆಯಲ್ಲಿದ್ದ ನಮ್ಮಪ್ಪ ಬೋನಸ್ ಬಂದ ಖುಷಿಯಲ್ಲಿ ಇಟ್ಟ ಹೆಸರು. ಬೋನಸ್ಸು ಖರ್ಚಾಯಿತು, ಹೆಸರು ಉಳಿಯಿತು. ಗಂಡನ ಹೆಸರು ಭೀಮೇಶ್. ಗ್ಯಾಸ್ ಸಿಲಿಂಡರ್ ಬಂದ ದಿನ ಅದನ್ನು ಅಡುಗೆಮನೆಗೆ ಉರುಳಿಸಿಕೊಂಡು ಹೋಗುವುದು ನಾನು. ಭೀಮೇಶ್ ಪಕ್ಕದಲ್ಲಿ ನಡೆಯುತ್ತಾ ‘ಹುಷಾರು, ಹುಷಾರು’ ಅನ್ನುತ್ತಾರೆ. ಹೆಸರಿನಲ್ಲಿ ಏನಿಲ್ಲ ಎಂಬುದಕ್ಕೆ ನಮ್ಮದು ಜೋಡಿ ಸಾಕ್ಷಿ.

ಒಂದು ಸಂಜೆ ಪುಟ್ಟಯ್ಯನವರು, ಹಿಂದೆ ಅವರ ಹೆಂಡತಿ ಪ್ರೇಮಮ್ಮನವರು, ಇಬ್ಬರೂ ಕೆಳಗಿಳಿದು ಬಂದರು. ಒಬ್ಬರೇ ಬಂದರೆ ನೀರಿನ ವಿಷಯ. ಇಬ್ಬರೂ ಬಂದರೆ ಮನೆಯ ವಿಷಯ.

“ಅಗ್ರಿಮೆಂಟ್ ಮುಗೀತಾ ಬಂತಲ್ಲ ಭೀಮೇಶಪ್ಪ,” ಎಂದರು ಪುಟ್ಟಯ್ಯ, ಮಾವನವರ ಪಕ್ಕದಲ್ಲಿ ನಿಂತುಕೊಂಡೇ. “ಯಾರೋ ಬ್ಯಾಂಕ್ ಮ್ಯಾನೇಜರ್ ಮನೆ ಕೇಳ್ತಾ ಇದಾರೆ.”

“ನಾವೇನು ತಪ್ಪು ಮಾಡಿದ್ವಿ?” ಎಂದೆ ನಾನು.

“ತಪ್ಪು ಅಂತಲ್ಲಮ್ಮ,” ಎಂದರು ಪ್ರೇಮಮ್ಮ, ಹಾಲ್ ಪೂರ್ತಿ ಒಂದು ಸುತ್ತು ಕಣ್ಣಾಡಿಸಿ. “ನಿಮ್ಮನೆ ನೋಡಿದ್ರೆ ನಿನ್ನೆ ಬಂದು ನಾಳೆ ಹೋಗೋರ ಥರ ಇದೆ. ಮನೆ ಅಂದ್ಮೇಲೆ ಒಂದು ಕಳೆ ಬೇಡ್ವಾ? ಆ ಮ್ಯಾನೇಜರ್ ಹೆಂಡ್ತಿ ಮನೇನ ದೇವಸ್ಥಾನದ ಹಾಗೆ ಇಟ್ಟಿದಾರಂತೆ.”

ಪುಟ್ಟಯ್ಯನವರ ತೋಟದಲ್ಲಿ ಕಳೆ ಅಂದರೆ ಕಿತ್ತು ಎಸೆಯುವ ವಸ್ತು. ನಮ್ಮ ಮನೆಯಲ್ಲಿ ಕಳೆ ಇಲ್ಲ ಎಂದು ನಮ್ಮನ್ನೇ ಕಿತ್ತು ಎಸೆಯಲು ಹೊರಟಿದ್ದರು.

ಅವರು ಮಹಡಿ ಹತ್ತಿದ ಮೇಲೆ ಭೀಮೇಶ್, “ಹೋಗ್ಲಿ ಬಿಡು ಮಾರಾಯ್ತಿ, ಬೇರೆ ಮನೆ ನೋಡಿದ್ರಾಯ್ತು,” ಎಂದರು. ಮನೆ ಬದಲಾಯಿಸುವ ದಿನ ಆಫೀಸಿನಲ್ಲಿ ಆಡಿಟ್ ಇರುವ ಗಂಡಸಿಗೆ ಇದು ಸುಲಭದ ಮಾತು. ಸಾಮಾನು ಕಟ್ಟುವವಳು ನಾನು. ಮನೆ ಬದಲಾಯಿಸಿದಾಗಲೆಲ್ಲ ಏನಾದರೊಂದು ಕಳೆದುಹೋಗುತ್ತದೆ. ಹಿಂದಿನ ಸಲ ಮಿಕ್ಸಿಯ ಮುಚ್ಚಳ. ಅದಕ್ಕೂ ಹಿಂದಿನ ಸಲ ನನ್ನ ಸೊಂಟ.

“ನಾನು ಇನ್ನು ಒಂದು ಚಮಚ ಕೂಡ ಪ್ಯಾಕ್ ಮಾಡಲ್ಲ,” ಎಂದೆ. “ಈ ಮನೇಗೆ ಎಂಥ ಕಳೆ ತರ್ತೀನಿ ನೋಡಿ. ನಮ್ಮನ್ನ ಕಳಿಸೋಕೆ ಅವರಿಗೇ ಮನಸ್ಸು ಬರಬಾರದು.”

“ಮೊಳೆ ಇಲ್ದೆ?”

“ಮೊಳೆ ಇಲ್ದೆ, ಪೇಂಟ್ ಇಲ್ದೆ, ಸಾಲ ಇಲ್ದೆ.”

ನಾನು ಭದ್ರಾವತಿಯ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಸಿಸ್ಟರುಗಳು ಐಸ್‌ಕ್ರೀಮ್ ಕಡ್ಡಿಯಿಂದ ಪೆನ್ ಸ್ಟ್ಯಾಂಡ್, ಬಳೆ ಚೂರಿನಿಂದ ನವಿಲು ಮಾಡಿಸುತ್ತಿದ್ದರು. ನನ್ನ ನವಿಲನ್ನು ನೋಡಿ ಒಬ್ಬ ಸಿಸ್ಟರ್ ‘ವೆರಿ ನೈಸ್ ಕೋಳಿ’ ಅಂದಿದ್ದರು. ಆ ಆತ್ಮವಿಶ್ವಾಸವೇ ನನ್ನ ಬಂಡವಾಳ. ಅದರ ಮೇಲೆ ಮೊಬೈಲಿನಲ್ಲಿ ಬಾಡಿಗೆ ಮನೆ ಸಿಂಗರಿಸುವ ವಿಡಿಯೋಗಳು. ಯಾವುದೋ ದೇಶದ ಹೆಂಗಸು ನಗುನಗುತ್ತಾ ಗೋಡೆಗೆ ಏನನ್ನೋ ಒತ್ತುತ್ತಾಳೆ. ಮರುಕ್ಷಣ ಮನೆ ಅರಮನೆ. ನಡುವೆ ಅವಳ ಗಂಡನ ಜೊತೆ ಆದ ಜಗಳವನ್ನು ಕತ್ತರಿಸಿರುತ್ತಾಳೆ ಎಂಬುದು ನನಗೆ ಆಮೇಲೆ ಹೊಳೆಯಿತು.

ಮೊದಲು ಪರದೆ. ಗಾಂಧಿ ಬಜಾರಿನಲ್ಲಿ ಸ್ಪ್ರಿಂಗ್ ರಾಡ್ ಸಿಕ್ಕಿತು. ಗೋಡೆಯಿಂದ ಗೋಡೆಗೆ ತಾನೇ ಒತ್ತಿಕೊಂಡು ನಿಲ್ಲುತ್ತದೆ, ಮೊಳೆ ಬೇಡ. ನನ್ನ ಹಳೆಯ ವಾಯಿಲ್ ಸೀರೆಗಳನ್ನು ಹೊಲಿದು ಅದಕ್ಕೆ ಪೋಣಿಸಿದೆ.

“ಯಾವ ಆಧಾರಾನೂ ಇಲ್ದೆ ಬರೀ ಒತ್ತಡದಲ್ಲಿ ನಿಂತಿದೆಯಾ?” ಎಂದು ಭೀಮೇಶ್ ರಾಡನ್ನು ಗೌರವದಿಂದ ನೋಡಿದರು. “ಪಾಪ, ನನ್ನ ಹಾಗೆ.”

“ನೀವು ಸ್ಟೂಲ್ ಹಿಡ್ಕೊಳ್ಳಿ ರೀ.”

“ಹಿಡ್ಕೊಂಡಿದೀನಿ.”

“ಸ್ಟೂಲ್ ಹಿಡ್ಕೊಳ್ಳಿ ಅಂದ್ರೆ ಫೋನ್ ಹಿಡ್ಕೊಂಡಿದೀರಲ್ಲ.”

ರಾಡು ಮೊದಲ ಸಲ ಬಿದ್ದದ್ದು ಅವರ ತಲೆಯ ಮೇಲೆ. ಎರಡನೇ ಸಲವೂ ಅಲ್ಲೇ. ಜಾಗ ಪರಿಚಯವಾಯಿತೆಂದು ಕಾಣುತ್ತದೆ.

ಆಮೇಲೆ ಪ್ಲಾಸ್ಟಿಕ್ ಬಳ್ಳಿ. (ಬಾಡಿಗೆ ಮನೆಗೆ ಬಾಡದ ಬಳ್ಳಿ. ಇದನ್ನು ನಾನು ಸಿಕ್ಕವರಿಗೆಲ್ಲ ಹೇಳಿದೆ, ಯಾರೂ ನಗಲಿಲ್ಲ.) ಗಣಪತಿ ಹಬ್ಬದ ಸೀರಿಯಲ್ ಸೆಟ್ ಅದರ ನಡುವೆ ಸುತ್ತಿಕೊಂಡಿತು. ಅಂಟಿಸುವ ಕೊಕ್ಕೆಗಳಿಂದ ಗಡಿಯಾರ ಎದ್ದು ನಿಂತಿತು, ಮಾವನವರು ಕುರ್ಚಿ ಬಿಟ್ಟು ಗೋಡೆ ಏರಿದರು.

ಟೀಪಾಯಿ ಇರಲಿಲ್ಲ. ಭದ್ರಾವತಿಗೆ ಹೋಗಿ ಅಮ್ಮನ ಮಂಚದ ಕೆಳಗಿದ್ದ ಕಬ್ಬಿಣದ ಟ್ರಂಕನ್ನು ಎಳೆದೆ. ಅಪ್ಪ ಕಾರ್ಖಾನೆಗೆ ಸೇರಿದಾಗ ತಂದದ್ದು. ಅದರ ಗಟ್ಟಿತನ ನೋಡಿದರೆ ಕಾರ್ಖಾನೆಯ ಒಂದು ಭಾಗವನ್ನೇ ತಂದಿರಬೇಕು.

“ಅದ್ರಲ್ಲಿ ಹಳೇ ರಗ್ಗು ಇದಾವಲ್ಲೇ,” ಎಂದಳು ಅಮ್ಮ ಶೇಷಮ್ಮ. “ಊರೆಲ್ಲ ಹಳೇದು ಎಸೆದು ಹೊಸದು ತರ್ತಾರೆ. ಇವಳು ನಮ್ಮನೆ ಹಳೇದು ಹೊತ್ಕೊಂಡ್ ಹೋಗಿ ಹೊಸದು ಅಂತಾಳೆ. ಅಳಿಯಂದ್ರೇ, ನೀವಾದ್ರೂ ಹೇಳಬಾರದಾ?”

“ನಾನು ಹೇಳೋದು ಬಿಟ್ಟು ಬಹಳ ವರ್ಷ ಆಯ್ತು ಅತ್ತೆ,” ಎಂದರು ಭೀಮೇಶ್.

ಬಸ್ಸಿನಲ್ಲಿ ಕಂಡಕ್ಟರ್ ಟ್ರಂಕಿಗೂ ಟಿಕೆಟ್ ಅಂದ. ಟ್ರಂಕನ್ನೂ ಅದರ ಹಿಂದೆ ಬಾಗಿದ್ದ ಭೀಮೇಶರನ್ನೂ ನೋಡಿ, “ಟ್ರಂಕಿಗೆ ಫುಲ್ ಕೊಡಿ, ಇವರಿಗೆ ಹಾಫ್ ಸಾಕು,” ಎಂದೆ. ಶಿವಮೊಗ್ಗ ಬರುವವರೆಗೂ ಅವರು ನನ್ನ ಜೊತೆ ಮಾತಾಡಲಿಲ್ಲ. ಟ್ರಂಕಿಗೆ ಬಿಳಿ ಬಟ್ಟೆ ಹಾಸಿ, ಮೇಲೆ ಗಾಜಿನ ಬಾಟಲಿಯಲ್ಲಿ ಮನಿಪ್ಲಾಂಟ್ ಇಟ್ಟಾಗ ಅವರೇ ಅದರ ಮುಂದೆ ಕೂತು ಕಾಫಿ ಕೇಳಿದರು. ರಾಜಿಯಾಯಿತು.

ಕೊನೆಯದು ಇಟ್ಟಿಗೆ ಗೋಡೆ. ಇಟ್ಟಿಗೆಯ ಚಿತ್ರವಿರುವ ಹಾಳೆ. ಹಿಂದಿನ ಪೇಪರ್ ಸುಲಿದು ಗೋಡೆಗೆ ಒತ್ತಿದರೆ ಮುಗಿಯಿತು. ಬೇಡವಾದಾಗ ಕಿತ್ತರೆ ಗುರುತೂ ಉಳಿಯುವುದಿಲ್ಲವೆಂದು ಅಂಗಡಿಯವನು ಪ್ರಮಾಣ ಮಾಡಿದ್ದ. ಮೊದಲ ಹಾಳೆ ನನ್ನ ಮೊಣಕೈಗೆ, ಮುಂದಿನದು ಭೀಮೇಶರ ಬನಿಯನ್ನಿಗೆ ಅಂಟಿತು. ಉಳಿದವು ಗೋಡೆಗೆ. ಕೆಳಗಿನ ಒಂದು ಮೂಲೆ ಮಾತ್ರ ಪದೇ ಪದೇ ಬಿಚ್ಚಿಕೊಳ್ಳುತ್ತಿತ್ತು. ಅಲ್ಲಿ ಕುರ್ಚಿ ಒತ್ತಿಟ್ಟೆ.

ಪುಟ್ಟಯ್ಯನವರು ಬಂದು ನೋಡಿದರು. ಇಟ್ಟಿಗೆಯನ್ನು ಉಗುರಿನಿಂದ ಕೆರೆದರು, ಎಲ್ಲೂ ಮೊಳೆ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಕಣ್ಣು ತುಂಬಿಬಂದ ಹಾಗಿತ್ತು.

“ನೀವೇ ಇರಿ ಧನಲಕ್ಷ್ಮಮ್ಮ,” ಎಂದರು. “ಮ್ಯಾನೇಜರ್‌ಗೆ ಬೇಡ ಅಂತ ಫೋನ್ ಮಾಡ್ತೀನಿ.”

ಆ ದಿನ ನಾನು ಕೇಸರಿಭಾತ್ ಮಾಡಿದೆ. ಗೆದ್ದವರು ಮಾಡುವ ತಿಂಡಿ ಅದು.

ಕೇಸರಿಭಾತ್ ಬಟ್ಟಲು ವಾಪಸ್ಸು ಕೊಡಲು ಬಂದ ಪ್ರೇಮಮ್ಮ ಮೆಲ್ಲಗೆ ಕೂತರು. ಮಗಳು ಮಂಜುಶ್ರೀಯನ್ನು ನೋಡಲು ಭಾನುವಾರ ಕುಂಸಿಯಿಂದ ಗಂಡಿನ ಕಡೆಯವರು ಬರುತ್ತಾರೆ. ಮಹಡಿಯ ಹಾಲ್ ತುಂಬ ಅಡಿಕೆ ಚೀಲ. ರೇಟು ಏರಲಿ ಎಂದು ಪುಟ್ಟಯ್ಯ ಕಾಯುತ್ತಿದ್ದಾರೆ; ಅಷ್ಟರಲ್ಲಿ ಮಗಳ ವಯಸ್ಸೂ ಏರುತ್ತಿದೆ.

“ಒಂದು ಗಂಟೆ ನಿಮ್ಮ ಹಾಲ್ ಕೊಡಮ್ಮ. ಪುಣ್ಯ ಬರುತ್ತೆ.”

ಕೊಡುವುದಿಲ್ಲ ಎನ್ನಲು ಹಾಲ್ ನನ್ನದೂ ಅಲ್ಲ. ಮೇಲಾಗಿ ಓನರ್‌ಗೆ ಉಪಕಾರ ಮಾಡಿದ ಬಾಡಿಗೆದಾರರನ್ನು ಯಾರು ಕಳಿಸುತ್ತಾರೆ? ಈ ಮನೆ ಇನ್ನು ನಮಗೆ ಖಾಯಂ ಎಂದುಕೊಂಡು ಒಪ್ಪಿದೆ.

ಭಾನುವಾರ ಗಂಡಿನ ಕಡೆಯವರು ಬಂದರು. ಹುಡುಗ ವಿಷ್ಣು, ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಕೆಲಸ, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ತಾಯಿಯೇ ಆಡುತ್ತಿದ್ದರು. ಕುರ್ಚಿಗಳನ್ನೆಲ್ಲ ಅತಿಥಿಗಳಿಗೆ ಎಳೆದುಕೊಟ್ಟದ್ದರಿಂದ ಇಟ್ಟಿಗೆಯ ಮೂಲೆ ಸುರುಳಿ ಬಿಚ್ಚತೊಡಗಿತು. ನಾನು ಕಣ್ಸನ್ನೆ ಮಾಡಿದೆ. ಭೀಮೇಶ್ ಹೋಗಿ ಅಲ್ಲಿ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು. ಹುಡುಗನ ಅಜ್ಜ ಒಳಗೆ ಬಂದಾಗ ಎಲ್ಲರೂ ಎದ್ದರು, ಇವರೊಬ್ಬರು ಏಳಲಿಲ್ಲ.

“ಇವರಿಗೇನು?” ಎಂದರು ಹುಡುಗನ ತಾಯಿ.

“ಸೊಂಟ ಹಿಡ್ಕೊಂಡಿದೆ,” ಎಂದೆ.

“ಪಾಪ. ಇವರು ಯಾರಾಗ್ಬೇಕು?”

“ನಮ್ಮವರೇ,” ಎಂದರು ಪ್ರೇಮಮ್ಮ. ಸ್ವಲ್ಪ ಯೋಚಿಸಿ, “ಕೆಳಗಡೆ ಮನೆ ನೋಡ್ಕೋತಾರೆ,” ಎಂದೂ ಸೇರಿಸಿದರು. ನನ್ನ ಮನೆಯಲ್ಲಿ, ನನ್ನ ಟ್ರಂಕಿನ ಮೇಲೆ, ನನ್ನ ಕಾಫಿಪುಡಿಯ ಕಾಫಿ ಇಡುತ್ತಿದ್ದ ನಾನು ಅಲ್ಲಿಯೇ ಮನೆ ನೋಡಿಕೊಳ್ಳುವವಳಾದೆ.

ಹುಡುಗನ ತಾಯಿ ಪರದೆ ಮುಟ್ಟಿದರು, ಬಳ್ಳಿ ಮುಟ್ಟಿದರು, ಗೋಡೆಯ ಮೇಲಿನ ಮಾವನವರ ಮುಂದೆ ನಿಂತು ಕೈಮುಗಿದರು.

“ಹುಡುಗಿ ತಾತನಾ?”

ಪುಟ್ಟಯ್ಯ ಪ್ರೇಮಮ್ಮನವರ ಮುಖ ನೋಡಿದರು. ಪ್ರೇಮಮ್ಮ ನನ್ನ ಮುಖ ನೋಡಿದರು. “ಹೂಂ,” ಎಂದರು ಪುಟ್ಟಯ್ಯ, ತಾವೂ ಕೈಮುಗಿದು. “ಬಹಳ ದೊಡ್ಡ ಮನುಷ್ಯ.” ಬದುಕಿದ್ದಾಗ ಒಂದು ಸೈಕಲ್ ಕೂಡ ಕಾಣದ ನಮ್ಮ ಮಾವ ಹೀಗೆ ಒಂದೇ ಕ್ಷಣದಲ್ಲಿ ತೋಟದ ಯಜಮಾನರಾದರು. ನೆಲದ ಮೇಲಿದ್ದ ಭೀಮೇಶ್ ಕೆಮ್ಮಿದರು. ಬೆನ್ನು ಮಾತ್ರ ತೆಗೆಯಲಿಲ್ಲ.

ಮಂಜುಶ್ರೀ ಬಂದಳು, ಕೂತಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಹುಡುಗ ಅವಳನ್ನು ನೋಡಿದ. ತಾಯಿ ಇನ್ನೂ ಸೀರಿಯಲ್ ಸೆಟ್ ನೋಡುತ್ತಿದ್ದರು.

“ನಮಗೆ ಹುಡುಗಿ ಒಪ್ಪಿಗೆ,” ಎಂದರು ಕಡೆಗೆ. “ಮನೇನೂ ಒಪ್ಪಿಗೆ. ಶಂಕರಘಟ್ಟಕ್ಕೆ ಇಲ್ಲಿಂದ್ಲೇ ಹೋಗಿಬರಬಹುದು. ನೀವು ಹೇಗೂ ಮೇಲೆ ಇರ್ತೀರಲ್ಲ, ಮದುವೆ ಆದ್ಮೇಲೆ ಇವರಿಬ್ರೂ ಕೆಳಗೆ ಇರ್ಲಿ. ಏನಂತೀರಿ ಬೀಗರೇ?”

‘ಬೀಗರೇ’ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಹೆಣ್ಣಿನ ತಂದೆ ಏನು ತಾನೇ ಅಂದಾನು? ಬೀಗರಿಗೆ ಮನೆ, ನಮಗೆ ಬೀಗ.

“ಆಗ್ಲಿ,” ಎಂದರು ಪುಟ್ಟಯ್ಯ, ನನ್ನ ಕಡೆ ನೋಡದೆ.

ಆ ರಾತ್ರಿಯಿಂದಲೇ ನಾನು ಪ್ಯಾಕಿಂಗ್ ಶುರುಮಾಡಿದೆ ಅಂದುಕೊಳ್ಳಬೇಡಿ. ಹೋರಾಡಿದೆ. ಅಗ್ರಿಮೆಂಟ್ ತೋರಿಸಿದೆ, ಮುಗಿದಿತ್ತು. ಮಾತು ಕೊಟ್ಟಿದ್ದನ್ನು ನೆನಪಿಸಿದೆ. ಪುಟ್ಟಯ್ಯನವರು ನಿಜವಾಗಿಯೂ ಬೇಜಾರು ಮಾಡಿಕೊಂಡು, “ನೀವು ಇಷ್ಟು ಚಂದ ಮಾಡಬಾರದಿತ್ತು ಧನಲಕ್ಷ್ಮಮ್ಮ,” ಎಂದರು. ಮಂಜುಶ್ರೀ ಬಂದು ಕೈ ಹಿಡಿದುಕೊಂಡು, “ಆಂಟಿ, ಅಂಟಿಸಿರೋದನ್ನ ಮಾತ್ರ ತೆಗೀಬೇಡಿ, ನಮ್ಮತ್ತೆಗೆ ಬಹಳ ಇಷ್ಟ ಆಗಿದೆ,” ಎಂದಳು. ಆಂಟಿ ಹೋಗಲಿ, ಅಂಟಿಸಿದ್ದು ಇರಲಿ. ಮಾವನವರ ಫೋಟೋವನ್ನೂ ಮದುವೆ ಮುಗಿಯುವವರೆಗೆ ಇಟ್ಟುಕೊಳ್ಳಲೇ ಎಂದು ಪ್ರೇಮಮ್ಮ ಕೇಳಿದರು. ಅದೊಂದಕ್ಕೆ ಭೀಮೇಶ್ ಜೀವನದಲ್ಲಿ ಮೊದಲ ಬಾರಿಗೆ ಭೀಮನಾದರು. ಫೋಟೋ ಕಂಕುಳಲ್ಲಿ ಇಟ್ಟುಕೊಂಡೇ ಮನೆ ಹುಡುಕಲು ಹೊರಟರು.

ಹುಡುಕುವಾಗ ಗೊತ್ತಾಯಿತು, ನಾನು ಊರಿನಲ್ಲಿ ಪ್ರಸಿದ್ಧಳಾಗಿದ್ದೆ. ಧನಲಕ್ಷ್ಮಮ್ಮನದು ಒಳ್ಳೆಯ ಕೈಗುಣ, ಅವಳು ಸಿಂಗರಿಸಿದ ಹಾಲ್‌ನಲ್ಲಿ ಕೂತ ಸಂಬಂಧ ತಪ್ಪುವುದಿಲ್ಲ ಎಂದು ಪ್ರೇಮಮ್ಮ ಹಬ್ಬಿಸಿದ್ದರು. ಮನೆ ಕೇಳಲು ಹೋದಲ್ಲೆಲ್ಲ ಸ್ವಾಗತವೋ ಸ್ವಾಗತ.

“ಬಾಡಿಗೆ ವಿಷಯ ಆಮೇಲೆ ಮಾತಾಡೋಣ,” ಎಂದರು ಒಬ್ಬರು, ಕಾಫಿ ಕೊಟ್ಟು. “ನಮ್ಮ ಲೋಹಿತ್‌ಗೆ ಜಾತಕ ಬರ್ತಾ ಇವೆ. ಹಾಲ್ ಯಾವಾಗ ರೆಡಿ ಮಾಡ್ತೀರಿ?”

“ಮದುವೆ ಆದ್ಮೇಲೆ ಲೋಹಿತ್ ಎಲ್ಲಿರ್ತಾರೆ?” ಎಂದು ಭೀಮೇಶ್ ಕೇಳಿದರು.

“ಇಲ್ಲೇ, ಕೆಳಗೆ.”

ಕಾಫಿ ಕುಡಿದು ಎದ್ದೆವು. ನೀರು ಬರುತ್ತದೆಯೇ, ಬಿಸಿಲು ಬೀಳುತ್ತದೆಯೇ ಎಂಬುದೆಲ್ಲ ಆಮೇಲಿನ ಪ್ರಶ್ನೆಯಾಯಿತು. ಮನೆಯಲ್ಲಿ ಮದುವೆಯಾಗದವರು ಯಾರಾದರೂ ಇದ್ದಾರೆಯೇ ಎಂಬುದು ಮೊದಲನೆಯದು. ಶಿವಮೊಗ್ಗದಲ್ಲಿ ಖಾಲಿ ಮನೆಗಿಂತ ಮದುವೆಯಾಗದ ಮಕ್ಕಳು ಹೆಚ್ಚು.

ಕಡೆಗೆ ಭದ್ರಾವತಿಯಲ್ಲಿ, ಅಮ್ಮನ ಮನೆಗೆ ಹತ್ತಿರದಲ್ಲೇ ಸಿಕ್ಕಿತು. ಓನರ್ ಹೊನ್ನಯ್ಯನವರು, ಕಾರ್ಖಾನೆಯಿಂದ ರಿಟೈರ್ ಆದವರು. ಹೆಂಡತಿ ತೀರಿಕೊಂಡು ವರ್ಷಗಳಾಗಿವೆ, ಮಕ್ಕಳಿಲ್ಲ, ತಮ್ಮನ ಮಕ್ಕಳೂ ಇಲ್ಲ, ತಮ್ಮನೇ ಇಲ್ಲ. ಮಹಡಿಯಲ್ಲಿ ಒಂದು ಮಂಚ, ಒಂದು ಸ್ಟವ್, ಒಂದು ರೇಡಿಯೋ. ಮೆತ್ತಗೆ ಮಾತಾಡುವ ಮನುಷ್ಯ. ಭೀಮೇಶ್ ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿಬರಲು ಒಪ್ಪಿದರು. “ಈ ಮನೇಲಿ ಸಾಯೋವರೆಗೂ ಇರಬಹುದು ಕಣೇ,” ಎಂದರು.

ಹೊಸ ಮನೆಯಲ್ಲಿ ನಾನು ಯಾವ ಅಂಜಿಕೆಯೂ ಇಲ್ಲದೆ ಕೈಚಳಕ ತೋರಿಸಿದೆ. ಈ ಸಲ ಇಟ್ಟಿಗೆಯಲ್ಲ, ಬಿದಿರಿನ ಹಾಳೆ. ಒಂದು ಮೂಲೆಯೂ ಬಿಚ್ಚಿಕೊಳ್ಳಲಿಲ್ಲ. ಅಮ್ಮ ಕೂಡ ಬಂದು ನೋಡಿ, ಟ್ರಂಕಿನ ವಿಷಯ ಎತ್ತದೆ ಹೋದಳು. ಇನ್ನು ನಮ್ಮನ್ನು ಇಲ್ಲಿಂದ ಏಳಿಸುವವರು ಹುಟ್ಟಿಲ್ಲ ಎಂದು ಕಾಲು ಚಾಚಿ ಕೂತೆ.

ಮೊನ್ನೆ ಸಂಜೆ ಬಾಗಿಲು ತಟ್ಟಿದ ಸದ್ದು. ಹೊನ್ನಯ್ಯನವರು. ಇಸ್ತ್ರಿ ಹಾಕಿದ ಷರಟು. ಬೆಳಗ್ಗೆ ಬೆಳ್ಳಗಿದ್ದ ಕೂದಲು ಕಪ್ಪಗಿತ್ತು, ಕಿವಿಯ ಅಂಚೂ ಸ್ವಲ್ಪ ಕಪ್ಪಗಿತ್ತು.

“ಒಂದು ಮಾತು ಕೇಳ್ಬೇಕಿತ್ತಮ್ಮ,” ಎಂದರು ಬಾಗಿಲಲ್ಲೇ ನಿಂತು. “ನಗಬಾರದು.”

“ಹೇಳಿ ಅಣ್ಣ.”

“ಒಂದು ಪ್ರಸ್ತಾಪ ಬಂದಿದೆ. ರಿಟೈರ್ಡ್ ಟೀಚರ್, ಒಳ್ಳೆ ಹೆಣ್ಣುಮಗಳು. ಭಾನುವಾರ ಅವರ ಅಣ್ಣ, ಅತ್ತಿಗೆ ಮಾತಾಡೋಕೆ ಬರ್ತಾರೆ. ಮೇಲೆ ನನ್ನ ರೂಮು ಹೇಗಿದೆ ಅಂತ ನಿಮಗೇ ಗೊತ್ತಲ್ಲ. ನಿಮ್ಮ ಕೈಗುಣದ ವಿಷಯ ಶಿವಮೊಗ್ಗದೋರು ಹೇಳಿದ್ರು. ಒಂದೇ ಒಂದು ಗಂಟೆ ನಿಮ್ಮ ಹಾಲ್ ಕೊಟ್ರೆ…”

ಹೆಣ್ಣುಮಗಳಿಗೆ ಮಹಡಿ ಹತ್ತಲು ಮಂಡಿ ನೋವಂತೆ ಎಂಬುದನ್ನೂ ಹೊನ್ನಯ್ಯನವರು ನಾಚಿಕೊಂಡೇ ತಿಳಿಸಿದರು.

ಭೀಮೇಶ್ ಪೇಪರ್ ಮಡಿಚಿಟ್ಟರು, ಸ್ಟೂಲ್ ಎಳೆದುಕೊಂಡರು, ಅಟ್ಟದ ಮೇಲಿದ್ದ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದರು.

ಹೊನ್ನಯ್ಯನವರು ಓಡಿಬಂದು ಸ್ಟೂಲ್ ಹಿಡಿದುಕೊಂಡರು. “ಭಾನುವಾರದ ಕೆಲಸಕ್ಕೆ ಈಗಿಂದ್ಲೇ ಶುರು ಮಾಡಿದ್ರಲ್ಲಪ್ಪ,” ಎಂದರು. “ನಿಮ್ಮಂಥ ಬಾಡಿಗೆದಾರರು ಯಾರಿಗೆ ಸಿಗ್ತಾರೆ ಹೇಳಿ.”