ಸಂತ ಪೇತ್ರರ ಪಟ

ಕೊಟ್ಟೂರಿನ ಅಬ್ದುಲ್ ವಹಾಬನ ಆವತ್ತಿನ ಪಡಿಪಾಟಲಿಗೆಲ್ಲ ಕಾರಣ ಒಂದು ಹಿತ್ತಾಳೆ ಕೊಂಡಿ. ಪಟವನ್ನು ಗೋಡೆಗೆ ತೂಗುಹಾಕಲು ಬೆನ್ನಿಗೆ ಬಡಿಯುತ್ತಾರಲ್ಲ, ಅದು.

ಇಪ್ಪತ್ತೈದು ವರ್ಷಗಳಿಂದ ವಹಾಬ ಊರಿನ ದೇವರು, ಗುರುಗಳು, ತೀರಿಕೊಂಡ ಹಿರಿಯರು ಎಲ್ಲರ ಪಟಗಳಿಗೂ ಕಟ್ಟು ಹಾಕುತ್ತ ಬಂದವನು. ಯಾರ ಪಟವನ್ನೂ ನೆಲಕ್ಕೆ ಇಟ್ಟವನಲ್ಲ. ಹರಪನಹಳ್ಳಿ ಅಂಚಿನ ಪುಟ್ಟ ಚರ್ಚಿನ ಉಪದೇಶಿ ಪಾಲಣ್ಣ ವಾರದ ಹಿಂದೆ ಒಂದು ಪಟ ತಂದುಕೊಟ್ಟಿದ್ದ. "ಇವ್ರು ಸಂತ ಪೇತ್ರರು. ಯೇಸುಸ್ವಾಮಿ ಶಿಷ್ಯರೊಳಗ ಹಿರಿಯರು. ಇಪ್ಪತ್ತೊಂಬತ್ತಕ್ಕ ಅವರ ಹಬ್ಬ ಐತ್ರಿ, ಬಳ್ಳಾರಿಯಿಂದ ಫಾದರ್ ಬರ್ತಾರ" ಎಂದು ಹೇಳಿ, ಪಟದ ಬೆನ್ನಿಗೆ ಪೆನ್ಸಿಲಿನಲ್ಲಿ ಬಾಣ ಬರೆದು, ಮೇಲ್ಭಾಗ ಯಾವುದೆಂದು ಗುರುತು ಮಾಡಿ ಹೋಗಿದ್ದ. ವಹಾಬ ಬಾಣ ತೋರಿಸಿದ ಕಡೆಗೇ ಕೊಂಡಿ ಬಡಿದ.

ಹಬ್ಬದ ಬೆಳಿಗ್ಗೆ ಗಾಜು ಒರೆಸಿ ಪಟವನ್ನು ಅಂಗಡಿಯ ಗೋಡೆಗೆ ತೂಗುಹಾಕಿದ್ದೇ ತಡ, ಎದುರಿಗೆ ಹೂವು ಕಟ್ಟುತ್ತಿದ್ದ ದ್ಯಾಮಕ್ಕ ಬುಟ್ಟಿ ಬಿಟ್ಟು ಎದ್ದು ಬಂದಳು.

"ಅಯ್ಯ ಶಿವನೇ! ವಹಾಬಣ್ಣ, ಆ ಮುದುಕಪ್ಪನ್ನ ಬಾವಲಿ ಹಂಗ ನೇತ್ಹಾಕಿಯಲ್ಲೋ!"

ನಿಜವೇ. ಶಿಲುಬೆಗೆ ಬಿಗಿದ ಬಿಳಿಗಡ್ಡದ ಮುದುಕ ಕಾಲು ಮೇಲಾಗಿ, ತಲೆ ಕೆಳಗಾಗಿ ಇದ್ದ. ಸುತ್ತ ಬರೀ ಕಪ್ಪು ಬಣ್ಣ. ನೆಲವೂ ಇಲ್ಲ, ಗಿಡವೂ ಇಲ್ಲ.

"ಪಾಲಣ್ಣ ಬಾಣ ಹಾಕಿಕೊಟ್ಟಿದ್ದ..."

"ಕಾಲು ಈ ಕಡಿಗೆ ಅದಾವ ಅಂತ ಹಾಕ್ಯಾನ ತಗಿ" ಎಂದರು ಪಕ್ಕದ ಬಟ್ಟೆ ಅಂಗಡಿಯ ಪಂಚಾಕ್ಷರಪ್ಪ. ಊರಿನ ಯಾವ ಚಿಂತೆಯನ್ನೂ ತಮ್ಮ ತಲೆಗೆ ಹಚ್ಚಿಕೊಳ್ಳದೆ ಬಿಟ್ಟವರಲ್ಲ ಅವರು. "ಇದು ಹುಡುಗಾಟ ಅಲ್ಲ ವಹಾಬಣ್ಣ. ಪಟ ಅವರದು, ಕಟ್ಟು ನಿಂದು. ಹಬ್ಬದ ದಿನ ಬೇಕಂತ ಮಾಡ್ಯಾನ ಅಂದ್ರ ಏನ್ಮಾಡ್ತಿ? ಕಾಲ ಸರಿ ಇಲ್ಲ."

ಆ ಕಡೆಯ ಮಾತಿಗೆ ಹೆದರಿ ವಹಾಬ ಪಟ ಇಳಿಸಿದ. ಕೊಂಡಿ ಕಿತ್ತು ಇನ್ನೊಂದು ತುದಿಗೆ ಬಡಿದ. ಪಟವನ್ನು ಬಟ್ಟೆಯಲ್ಲಿ ಸುತ್ತಿ, ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹರಪನಹಳ್ಳಿ ಬಸ್ಸು ಹತ್ತಿದ.

ಅವನು ಚರ್ಚು ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಶುರುವಾಗಿತ್ತು. ಪಾಲಣ್ಣ ಗಡಿಬಿಡಿಯಲ್ಲಿ ಪಟವನ್ನು ಸುತ್ತಿದ ಬಟ್ಟೆಯ ಸಮೇತ ಗೋಡೆಗೆ ಏರಿಸಿದ. ಫಾದರ್ ಬಂದು ಬಟ್ಟೆ ಸರಿಸಿದರು.

ಸಂತ ಪೇತ್ರರು ನೆಟ್ಟಗೆ ನಿಂತಿದ್ದರು. ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪಾಲಣ್ಣನ ಮುಖ ಸಣ್ಣಗಾಯಿತು. ಬಾಗಿಲ ಹತ್ತಿರ ನಿಂತಿದ್ದ ವಹಾಬನ ಬಳಿಗೆ ಬಂದು ಪಿಸುಗುಟ್ಟಿದ: "ನಾ ಬಾಣ ಹಾಕಿದ್ನಲ್ರಿ?"

"ಯಾವ ಬಾಣ?" ಎಂದಿತು ವಹಾಬನ ಬಾಯಿ. "ನನಗ ಗೊತ್ತಿಲ್ಲ."

ಫಾದರ್ ಸಿಟ್ಟಾಗಲಿಲ್ಲ. ಪಟದ ಪಕ್ಕದಲ್ಲೇ ನಿಂತು ಮೆಲ್ಲಗೆ ಹೇಳತೊಡಗಿದರು.

"ಪೇತ್ರರು ಮೀನು ಹಿಡಿಯೋ ಬೆಸ್ತರು. ಗುರುವನ್ನು ಹಿಡಿದುಕೊಂಡು ಹೋದಾಗ ಜನ ಇವರನ್ನ ಕೇಳಿದರು, ನೀನು ಅವನ ಜೊತೆಯವನಲ್ಲವಾ ಅಂತ. ಹೆದರಿಕೆಗೆ ಮೂರು ಸಲ ಅಂದರು, ನನಗೆ ಗೊತ್ತಿಲ್ಲ ಅಂತ. ಆಮೇಲೆ ಹೊರಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತರು. ಎಷ್ಟೋ ವರ್ಷದ ಮೇಲೆ ರೋಮಿನಲ್ಲಿ ಅವರನ್ನೂ ಶಿಲುಬೆಗೆ ಏರಿಸಿದರು. ಆಗ ಪೇತ್ರರು ಕೇಳಿಕೊಂಡರಂತೆ, ನನ್ನ ಗುರು ಸತ್ತ ಹಾಗೆ ಸಾಯೋ ಯೋಗ್ಯತೆ ನನಗಿಲ್ಲ, ನನ್ನನ್ನ ತಲೆಕೆಳಗು ಮಾಡಿ ಅಂತ."

ವಹಾಬನ ಕಾಲುಗಳು ತಾವಾಗಿಯೇ ನಡೆದವು. ಚಪ್ಪಲಿ ಬಿಟ್ಟು, ಟೋಪಿ ಸರಿಮಾಡಿಕೊಂಡು, ಸಾಲುಗಳ ನಡುವೆ ಹಾದು ಮುಂದೆ ಬಂದ.

"ಪಾಲಣ್ಣ ಬಾಣ ಹಾಕಿದ್ದು ಖರೆ ಐತ್ರಿ. ತಿರುವಿದಾಂವ ನಾನು. ಗೊತ್ತಿಲ್ಲ ಅಂತ ಸುಳ್ಳಾಡಿದಾಂವನೂ ನಾನ. ಹೆದರಿಕ್ಯಾಗಿತ್ತು."

ಅವನು ಪಟ ಇಳಿಸಿ ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕುಳಿತು, ಜೇಬಿನಿಂದ ಇಕ್ಕಳ ತೆಗೆದು, ಕೊಂಡಿಯನ್ನು ಕಿತ್ತು ಬಾಣದ ಕಡೆಗೆ ಬಡಿದುಕೊಟ್ಟ. ಪಟ ಮತ್ತೆ ಮೇಲೇರಿತು. ಮುದುಕಿಯರು ಒಬ್ಬೊಬ್ಬರಾಗಿ ಬಂದು ಗಾಜು ಮುಟ್ಟಿ ಕಣ್ಣಿಗೊತ್ತಿಕೊಂಡರು. ಪಾಲಣ್ಣ ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಊಟ ಮಾಡಿಸಿದ.

ಸಂಜೆ ಕೊಟ್ಟೂರಿನಲ್ಲಿ ವಹಾಬ ನಡೆದದ್ದನ್ನೆಲ್ಲ ಬಿಡದೆ ಹೇಳಿದ. ದ್ಯಾಮಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಪಂಚಾಕ್ಷರಪ್ಪನವರಂತೂ ಮಗುವಿನ ಹಾಗೆ ಅತ್ತುಬಿಟ್ಟರು. ಅಳು ನಿಲ್ಲಲೇ ಇಲ್ಲ. ವಹಾಬನಿಗೇ ದಿಗಿಲಾಯಿತು.

"ಇರಲಿ ಬಿಡ್ರಿ, ಎಲ್ಲಾ ಸುಸೂತ್ರ ಆತಲ್ಲ."

"ಎಲ್ಲಿ ಆತೋ ವಹಾಬಣ್ಣ!" ಪಂಚಾಕ್ಷರಪ್ಪ ಬಿಕ್ಕಿದರು. "ನೀ ಹ್ವಾದಮ್ಯಾಲೆ ನಿನ್ನ ಅಂಗಡ್ಯಾಗ ಇನ್ನೊಂದು ಪಟ ನೋಡಿದೆ. ಅದೂ ತಲಿಕೆಳಗ ಇತ್ತು. ಪಾಪ, ನಿನಗ ಇನ್ನೊಂದು ಫಜೀತಿ ಆದೀತು ಅಂತ ಕೊಂಡಿ ತಿರುವಿ ಬಡಿದು, ಹೈಸ್ಕೂಲಿನವರು ಬಂದಾಗ ನಾನ ಕೊಟ್ಟು ಕಳಿಸಿದೆ."

ವಹಾಬ ಪಟವಿದ್ದ ಕಡೆ ತಿರುಗಿ ನೋಡಿದ, ಖಾಲಿ. ಅದು ಪ್ರಬುದ್ಧ ಎಂಬ ಹೈಸ್ಕೂಲಿನ ಮೇಷ್ಟ್ರ ಪಟ. ಜಿಲ್ಲಾ ಯೋಗ ಸ್ಪರ್ಧೆಯಲ್ಲಿ ಗೆದ್ದವರೆಂದು ಶಾಲೆಯ ಹಜಾರದಲ್ಲಿ ಇವತ್ತೇ ಹಾಕಬೇಕಿತ್ತು. ಶೀರ್ಷಾಸನದ್ದು.

"ಹಾಕಿದ್ರಾ?"

"ಹಾಕಿದ್ರು. ಮೇಷ್ಟ್ರು ತಲಿ ಮ್ಯಾಲೆ ಜಮಖಾನ ಹೊತ್ಕೊಂಡು ಗಾಳ್ಯಾಗ ನಿಂತಾರ ಅಂತ ಹುಡುಗ್ರು ಬಿದ್ದು ಬಿದ್ದು ನಕ್ಕಾವಂತ. ಮೇಷ್ಟ್ರು ಆಗ್ಲೇ ಎರಡು ಸಲ ನಿನ್ನ ಹುಡುಕ್ಕೊಂಡು ಬಂದು ಹೋದ್ರು."

"ತಿರುವಿದವರು ನೀವು ಅಂತ ಹೇಳಿದ್ರಿಲ್ಲೋ?"

ಪಂಚಾಕ್ಷರಪ್ಪ ಕಣ್ಣೊರೆಸಿಕೊಂಡು ಬೀದಿಯ ಕಡೆ ನೋಡಿದರು. "ಹೇಳಬೇಕಂತನ ಇದ್ದೆ. ಆದ್ರ ಭಾಳ ಸಿಟ್ಟಿನ್ಯಾಗ ಇದ್ರಪ್ಪ."

ಹೊರಗೆ ಮೇಷ್ಟ್ರ ಸೈಕಲ್ಲಿನ ಸ್ಟ್ಯಾಂಡು ಧಡಾರನೆ ಬಿತ್ತು.