ಗ್ರೈಂಡರಿನ ಸದ್ದನ್ನು ಉಳಿಸಿಕೊಡುವ ಕುರಿತು

ಇಂದ:
ಅನ್ವಿತಾ, ವಯಸ್ಸು ಇಪ್ಪತ್ತೆರಡು,
ಹಿಟ್ಟು ರುಬ್ಬುವ ವಿಭಾಗ (ಒಬ್ಬಳೇ),
ಉಡುಪಿ ಹೋಟೆಲಿನ ಹಿಂಬದಿ, ಡಮ್ ಡಮ್, ಕೋಲ್ಕತ್ತಾ.

ಗೆ:
ಶ್ರೀ ಮಧ್ವರಾಜರು,
ಸದರಿ ಹೋಟೆಲಿನ ಮಾಲೀಕರು ಹಾಗೂ ಅರ್ಜಿದಾರಳ ಸೋದರಮಾವ,
ಗಲ್ಲಾ, ಹೋಟೆಲಿನ ಮುಂಬದಿ.

ವಿಷಯ: ಸೋಮವಾರ ಬರಲಿರುವ ಸದ್ದಿಲ್ಲದ ಗ್ರೈಂಡರನ್ನು ತಡೆಹಿಡಿಯುವ ಬಗ್ಗೆ, ಮತ್ತು ಶನಿವಾರ ಸಂಜೆ ನಾಲ್ಕರಿಂದ ರಜೆಯ ಬಗ್ಗೆ.

ಉಲ್ಲೇಖ: ೧) ಗಲ್ಲಾದ ಹಿಂದೆ ತಾವು ತೂಗುಹಾಕಿರುವ ಬೋರ್ಡ್: ‘ರಜೆ ಬೇಕಾದವರು ಬಾಯಲ್ಲಿ ಕೇಳಬೇಡಿ. ಕನ್ನಡದಲ್ಲಿ ಬರೆದು ಕೊಡಿ. ಕನ್ನಡ ಉಳಿಸಿ.’
೨) ತಮ್ಮ ಮಗ ಪ್ರವೀಣನ ರಾಕ್ ಬ್ಯಾಂಡಿನ ‘ಲೂಸ್ ಬೆಲ್ಟ್’ ಎಂಬ ಆಲ್ಬಮ್ಮಿನ ಮೂರನೇ ಹಾಡು, ಅದನ್ನು ಹಾಡೆಂದು ಒಪ್ಪುವುದಾದರೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ವಿನಂತಿಸುವುದೇನೆಂದರೆ, ಅರ್ಜಿದಾರಳು ಒಂಬತ್ತನೇ ಕ್ಲಾಸಿನ ನಡುವೆ ‘ಎರಡು ತಿಂಗಳು ಅತ್ತೆಗೆ ಸಹಾಯಕ್ಕೆ’ ಎಂದು ಊರಿನಿಂದ ಬಂದವಳು. ಸದರಿ ಎರಡು ತಿಂಗಳಿಗೆ ಈಗ ಎಂಟು ವರ್ಷ. ಅರ್ಜಿಯ ನಮೂನೆಯನ್ನು ಅವಳು ಎಂಟನೇ ಕ್ಲಾಸಿನಲ್ಲಿ ಕಲಿತಿದ್ದಳು. ಆದ್ದರಿಂದ ಇದರಲ್ಲಿ ತಪ್ಪುಗಳಿದ್ದರೆ ಅವು ಒಂಬತ್ತನೇ ಕ್ಲಾಸಿನ ಉಳಿದರ್ಧದವು ಎಂದು ಪರಿಗಣಿಸುವುದು.

೧. ಸದರಿ ಹೋಟೆಲಿನ ಗ್ರೈಂಡರ್ ಬೆಳಿಗ್ಗೆ ಐದೂವರೆಗೆ ಶುರುವಾಗುತ್ತದೆ. ಬೆಲ್ಟ್ ಸಡಿಲ, ಬೇರಿಂಗ್ ಸವೆದಿದೆ, ಒಂದು ಕಾಲು ಕುಂಟು. ಅದು ಓಡುವಾಗ ಪಕ್ಕದಲ್ಲಿ ನಿಂತು ಏನು ಹೇಳಿದರೂ ಯಾರಿಗೂ ಕೇಳದು ಎಂಬುದನ್ನು ಅರ್ಜಿದಾರಳು ಬಂದ ವಾರದಲ್ಲೇ ಗಮನಿಸಿದಳು. ಆದಕಾರಣ ಅಂದಿನಿಂದ ಪ್ರತಿದಿನ ಉದ್ದು ರುಬ್ಬುವಾಗ ಅವಳು ಕಿರುಚುತ್ತಾ ಬಂದಿದ್ದಾಳೆ. ಹಿಟ್ಟು ನುಣ್ಣಗಾದಾಗ ಗ್ರೈಂಡರಿನ ಸದ್ದು ಇಳಿಯುತ್ತದೆ. ಅಲ್ಲಿಗೆ ಅವಳೂ ನಿಲ್ಲಿಸುತ್ತಾಳೆ. ಕಿರುಚಲು ಕಾರಣ: (ಈ ಜಾಗವನ್ನು ಖಾಲಿ ಬಿಡಲಾಗಿದೆ). ಉಳಿದ ಹೊತ್ತಿನಲ್ಲಿ ಅವಳ ದನಿಯ ಬಗ್ಗೆ, “ಈ ಹುಡುಗಿ ಸಾಂಬಾರ್ ಬೇಕಾ ಕೇಳುವುದೂ ಚಾಡಿ ಹೇಳಿದ ಹಾಗೆ” ಎಂದು ತಾವೇ ಗಿರಾಕಿಗಳ ಮುಂದೆ ಹೇಳಿರುತ್ತೀರಿ.

೨. ಕಳೆದ ಚಳಿಗಾಲದಲ್ಲಿ ಪ್ರವೀಣನು, ಹಾಡಿಗೆ ಗ್ರೈಂಡರಿನ ಸದ್ದು ಬೇಕೆಂದು ಅಕ್ಕಿಮೂಟೆಯ ಹಿಂದೆ ಫೋನ್ ಇಟ್ಟು, ಯಾರಿಗೂ ಹೇಳದೆ ಹೋಗಿ ಮಲಗಿದನು. ಸಂಜೆ ಬಂದು ಅರ್ಜಿದಾರಳ ಮುಂದೆ ನಿಂತು, ಫೋನಿಗೆ ಸಿಕ್ಕಿದ್ದನ್ನು ಕೇಳಿಸಿ, ಎಂದಿನಂತೆ ಅರ್ಧ ಬಂಗಾಳಿಯಲ್ಲಿ ಏನಿದು ಎಂದನು.

“ಎ ಕೀ ರೇ ಅನ್ವಿ? ಇದು ನೀನು?”

“ಅಳಿಸು.”

“ಅಳಿಸೋದಾ? ನಮ್ಮ ಸಿಂಗರ್‌ಗೆ ಸಿಕ್ಸ್ ಮಂತ್ಸಿಂದ ಇದು ಬರ್ತಾ ಇಲ್ಲ. ಪ್ಲೀಸ್ ಯಾರ್.”

ಅರ್ಜಿದಾರಳು ಎರಡು ದಿನ ಯೋಚಿಸಿ, ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ ಒಪ್ಪಿದಳು.

೩. ಆಲ್ಬಮ್ ಹೊರಬಂದ ಮೇಲೆ, ಕೇಳಿದವರಲ್ಲಿ ಅರ್ಧ ಜನ ಇಂಥದ್ದು ಈವರೆಗೆ ಹುಟ್ಟಿರಲಿಲ್ಲ ಎಂದರು. ಉಳಿದರ್ಧ ಇಂಥದ್ದು ಹುಟ್ಟಲೇಬಾರದಿತ್ತು ಎಂದರು. ಅರ್ಜಿದಾರಳಿಗೆ ಸಂಬಂಧಪಟ್ಟದ್ದು ಕಳೆದ ಭಾನುವಾರ ಐದನೇ ಮೇಜಿನಲ್ಲಿ ನಡೆದ ಜಗಳ ಮಾತ್ರ. ಮೈಸೂರಿನ ಪ್ರೊಫೆಸರ್ ಅಶ್ವತ್ಥನಾರಾಯಣರು ವಡೆ ಮುರಿಯುತ್ತಾ, “ಅದು ಮನುಷ್ಯರ ಗಂಟಲಲ್ಲಮ್ಮ, ಕಂಪ್ಯೂಟರು. ಹಲ್ಲು ಕೀಳೋ ಡಾಕ್ಟರ ಹತ್ರ ಇದಕ್ಕಿಂತ ಒಳ್ಳೇ ಸಂಗೀತ ಕೇಳಿದೀನಿ” ಎಂದರು. ನ್ಯೂ ಟೌನಿನಿಂದ ಬರುವ ಅವರ ವಿದ್ಯಾರ್ಥಿನಿ ಅಪೂರ್ವಾ ಬಿಡಲಿಲ್ಲ. “ಹೆಂಗಸೇ ಸರ್ ಅದು. ಕೊನೇಲಿ ಥಟ್ಟನೆ ನಿಲ್ಲತ್ತಲ್ಲ, ಅಲ್ಲಿ ಅವಳು ಎಲ್ಲಾನೂ ಬಿಟ್ಟುಕೊಡ್ತಾಳೆ. ನಾನು ಮೆಟ್ರೋದಲ್ಲಿ ಅತ್ತುಬಿಟ್ಟೆ.”

ಅರ್ಜಿದಾರಳು ಇಬ್ಬರ ನಡುವೆ ನಿಂತು ಸಾಂಬಾರ್ ಬಡಿಸುತ್ತಿದ್ದಳು. ಅಲ್ಲಿ ಉದ್ದು ನುಣ್ಣಗಾಗಿತ್ತು, ಅಷ್ಟೆ. ಆದರೆ ಅವಳಿಗಾಗಿ ಓದಿದವರಿಬ್ಬರು ಜಗಳವಾಡಿದ್ದು ಇದೇ ಮೊದಲಾದ ಕಾರಣ, ಅಪೂರ್ವಾಗೆ ಒಂದು ವಡೆ ಹೆಚ್ಚಿಗೆ ಹಾಕಿರುತ್ತಾಳೆ. ಪ್ರೊಫೆಸರಿಗೂ ಹಾಕಿರುತ್ತಾಳೆ. ಮನುಷ್ಯರ ಗಂಟಲಲ್ಲ ಎಂಬುದೂ ಒಂದು ಹೊಗಳಿಕೆಯೇ.

೪. ಆಗ ಗಲ್ಲಾದಿಂದ ತಾವು, “ಎಂತ ಮಾರಾಯ್ರೆ, ದೆವ್ವ ಹಿಡಿದ ಹೆಂಗಸನ್ನು ನಮ್ಮ ಗ್ರೈಂಡರಿಗೆ ಕಟ್ಟಿ ಹಾಕಿದ ಹಾಗೆ ಉಂಟು. ಮಗ ಈ ಹುಚ್ಚು ಕಲ್ತದ್ದೇ ಆ ಗ್ರೈಂಡರಿಂದ. ಅದನ್ನೇ ತೆಗೆಸ್ತೇನೆ, ತನ್ನಷ್ಟಕ್ಕೆ ಬಿಡ್ತಾನೆ” ಎಂದು ಅಲ್ಲೇ ಕೂತು ಹೊಸದಕ್ಕೆ ಫೋನ್ ಮಾಡಿದಿರಿ. ಅದು ಓಡುವಾಗ ಪಕ್ಕದಲ್ಲಿ ತೊಟ್ಟಿಲು ಕಟ್ಟಬಹುದಂತೆ. ಆದ್ದರಿಂದ, ಹಾಗೂ ಮೇಲ್ಕಂಡ ಕಾರಣಗಳಿಂದಾಗಿ, ಸೋಮವಾರದಿಂದ ಅರ್ಜಿದಾರಳು ಎಲ್ಲಿ ಕಿರುಚಬೇಕು ಎಂಬ ಪ್ರಶ್ನೆ ಉದ್ಭವಿಸಿದೆ. ಮನೆಗೆ ಎರಡೇ ಕೋಣೆ. ಟೆರೇಸಿನಲ್ಲಿ ನೆರೆಯವರು ಬಟ್ಟೆ ಒಣಗಿಸುತ್ತಾರೆ. ತಲೆ ಮೇಲೆ ವಿಮಾನ ಹೋಗುವಾಗ ಪ್ರಯತ್ನಿಸಿ ನೋಡಲಾಗಿದೆ. ಹದಿನೈದು ಸೆಕೆಂಡಿಗೆ ಮುಗಿಯುತ್ತದೆ, ಸಾಲದು.

೫. ಶನಿವಾರ ಸಂಜೆ ಪಾರ್ಕ್ ಸ್ಟ್ರೀಟಿನ ಒಂದು ಸಭಾಂಗಣದಲ್ಲಿ ಬ್ಯಾಂಡಿನ ಕಾರ್ಯಕ್ರಮವಿದೆ. ಮೂರನೇ ಹಾಡಿಗೆ ಅರ್ಜಿದಾರಳು ವೇದಿಕೆಗೆ ಬರಬೇಕೆಂದು ಪ್ರವೀಣನು ಕೇಳಿದ್ದಾನೆ. “ಲೈಟ್ ಆಫ್ ಮಾಡ್ತೀವಿ. ನಿನ್ನ ಯಾರೂ ನೋಡಲ್ಲ” ಎಂದನು. ಅರ್ಜಿದಾರಳು ಎರಡು ದಿನ ಯೋಚಿಸಿ, ಲೈಟ್ ಇರಲಿ ಎಂದಿದ್ದಾಳೆ.

ಆದ್ದರಿಂದ ಹಳೆಯ ಗ್ರೈಂಡರನ್ನು ಅದರ ಎಲ್ಲ ದೋಷಗಳೊಂದಿಗೆ ಸೇವೆಯಲ್ಲಿ ಮುಂದುವರಿಸಬೇಕಾಗಿಯೂ, ಶನಿವಾರ ಸಂಜೆಯ ರಜೆಯನ್ನು ಮಂಜೂರು ಮಾಡಬೇಕಾಗಿಯೂ ಕೋರಿದೆ. ಅಂದು ಸಾಂಬಾರ್ ಬಡಿಸಲು ವನಮಾಲಾ ಅತ್ತೆ ಒಪ್ಪಿರುತ್ತಾರೆ. ಕಾರಣ ಕೇಳಲಿಲ್ಲ.

ಇಂತಿ, ಎಂಟು ವರ್ಷದಿಂದ ತಮಗೆ ಕೇಳಿಸದ
ತಮ್ಮ ವಿಶ್ವಾಸಿ,
ಅನ್ವಿತಾ

ಲಗತ್ತುಗಳು:
೧) ಮೂರನೇ ಹಾಡು, ಪ್ರವೀಣನ ಹಳೇ ಫೋನಿನಲ್ಲಿ. ಪೂರ್ತಿ ಕೇಳುವುದು.
೨) ಹತ್ತಿ, ಎರಡು ಉಂಡೆ.
೩) ಶನಿವಾರದ ಪಾಸ್ ಒಂದು, ತಮ್ಮ ಹೆಸರಿನಲ್ಲಿ.

ವಿ.ಸೂ.: ಒಪ್ಪಿಗೆ ಇದ್ದಲ್ಲಿ ಯಾವ ಹೊತ್ತಿನಲ್ಲಾದರೂ ತಿಳಿಸಬಹುದು. ಒಪ್ಪಿಗೆ ಇಲ್ಲದಿದ್ದಲ್ಲಿ, ದಯವಿಟ್ಟು ಬೆಳಿಗ್ಗೆ ಐದೂವರೆಯಿಂದ ಆರರೊಳಗೆ ಬಂದು, ಗ್ರೈಂಡರ್ ಓಡುತ್ತಿರುವಾಗ, ಅದರ ಪಕ್ಕದಲ್ಲೇ ನಿಂತು ಹೇಳಬೇಕಾಗಿ ವಿನಂತಿ.