ಕೋಲೆಸಿಸ್ಟೆಕ್ಟಮಿಯೂ ಕುಂದಾಣದ ಅಜ್ಜಿಯೂ

ಆಸ್ಪತ್ರೆಯಲ್ಲಿ ನಗೋಕೆ ಏನಿರುತ್ತೆ ಅಂತ ಜನ ಕೇಳ್ತಾರೆ. ದೇವನಹಳ್ಳಿಯ ಒಂದು ಪುಟ್ಟ ನರ್ಸಿಂಗ್ ಹೋಮಿನಲ್ಲಿ ನರ್ಸಾಗಿರೋ ನನಗೆ, ನಗು ತಡೆಯೋಕಾಗದೆ ಔಷಧಿ ಬೀರುವಿನ ಹಿಂದೆ ಹೋಗಿ ನಿಲ್ಲೋದು ಡ್ಯೂಟಿಯ ಒಂದು ಭಾಗವೇ ಆಗಿಬಿಟ್ಟಿದೆ. ಆದರೆ ಕುಂದಾಣದ ಕಡೆಯಿಂದ ಬಂದ ಒಬ್ಬ ಅಜ್ಜಿ ನಗಿಸಿದ್ದಷ್ಟೇ ಅಲ್ಲ, ನಮ್ಮನ್ನೆಲ್ಲ ಬೆರಗಾಗಿಸಿಬಿಟ್ಟರು.

ಮುಖ ನೋಡಿದ್ರೆ ಗೊತ್ತಾಗಲ್ಲ

ಅಜ್ಜಿಯ ಪಿತ್ತಕೋಶದ ತುಂಬ ಕಲ್ಲು. ನೋವು ಬಂದರೆ ಹೊಟ್ಟೆ ಹಿಡಿದು ಮುದುರಿಕೊಳ್ಳೋರು. ಡಾಕ್ಟರು ಸ್ಕ್ಯಾನಿಂಗ್ ನೋಡಿ, "ಕೋಲೆಸಿಸ್ಟೆಕ್ಟಮಿ ಮಾಡ್ಲೇಬೇಕಮ್ಮ, ತಡ ಮಾಡಿದ್ರೆ ಕಷ್ಟ. ಈ ಸಿಸ್ಟರ್ ಜೊತೇಲೇ ಇರ್ತಾರೆ" ಅಂದರು.

ಅಜ್ಜಿ ಸೆರಗು ಬಿಗಿದುಕೊಂಡು ಎದ್ದೇಬಿಟ್ಟರು. "ಕೊಲೆ ಅಂತ ಬಾಯಿಬಿಟ್ಟೇ ಹೇಳ್ತವ್ರೆ! ಮಾಡೋಳು ಈ ಸಿಸ್ಟ್ರಂತೆ!"

ಆಮೇಲೆ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಮುಖ ನೋಡಿದ್ರೆ ಹಂಗೆ ಕಾಣಲ್ಲ" ಅಂದರು.

ಇನ್ನೊಂದು ಸುತ್ತು

ಕೊಲೆಯಲ್ಲ ಅಂತ ಗೊತ್ತಾದ ಮೇಲೂ ಒಪ್ಪಲಿಲ್ಲ. "ನನ್ನ ನಾಲಿಗೆ ಮೇಲೆ ಹೊರಳದ್ದು ನನ್ನ ಹೊಟ್ಟೆಗೂ ಬ್ಯಾಡ" ಅಂತ ಒಂದೇ ಹಟ.

ಡಾಕ್ಟರು ಕುರ್ಚಿ ಎಳೆದು ಪಕ್ಕ ಕೂತರು. "ಕೋಲೆ ಅಂದ್ರೆ ಪಿತ್ತ. ಸಿಸ್ಟ್ ಅಂದ್ರೆ ಚೀಲ. ಎಕ್ಟಮಿ ಅಂದ್ರೆ ಕೊಯ್ದು ತೆಗೆಯೋದು."

"ಅಯ್ಯೋ, ಅಷ್ಟೇನಾ! ಬಿಡಿಸಿದ್ರೆ ಅವರೆಕಾಯಿ ಇದ್ದಂಗೈತೆ" ಅಂದರು ಅಜ್ಜಿ. ಕೋಲೆ ಅಂತ ಶುರುವಾದ್ರೆ ಕೋಲಾಟವೇ ಸೈ ಅಂತ ಎರಡು ಚಮಚ ಕೈಗೆತ್ತಿಕೊಂಡು ತಾಳ ಹಾಕುತ್ತಾ ಹೇಳತೊಡಗಿದರು: "ಕೋಲೇ... ಸಿಸ್ಟ್... ಎಕ್ಟಮೀ!" ಅಕ್ಕಪಕ್ಕದ ಮಂಚದವರೂ ಚಪ್ಪಾಳೆ ತಟ್ಟಿದರು. ನರ್ಸಿಂಗ್ ಓದುವಾಗ ನಾನು ಸುಮ್ಮನೆ ಉರು ಹೊಡೆದಿದ್ದ ಪದ ಅದು. ಅದರೊಳಗೆ ಇಂಥ ಕುಣಿತ ಇದೆ ಅಂತ ಯಾರಿಗೆ ಗೊತ್ತಿತ್ತು? ಮೈ ಜುಮ್ಮೆಂದಿತು.

"ಹಾಗಾದ್ರೆ ಒಪ್ಪಿಗೆ ತಾನೇ ಅಜ್ಜಿ?" ಅಂದರು ಡಾಕ್ಟರು.

"ಇರಪ್ಪ, ಇನ್ನೊಂದ್ ಸುತ್ತೈತೆ."

ನಾದಿನಿಗೆ ಚಿಕಿತ್ಸೆ

ಆಪರೇಷನ್ ಚೆನ್ನಾಗಿಯೇ ಆಯಿತು. ಮಾರನೇ ದಿನ ಅಜ್ಜಿಯ ನಾದಿನಿ ಮೂಸಂಬಿ ಹಿಡಿದು ನೋಡೋಕೆ ಬಂದರು. ಕೂತವರು ಬಾಯಿ ಮುಚ್ಚಲಿಲ್ಲ. ಹೊಟ್ಟೆ ಕೊಯ್ಸಿಕೊಂಡ ನೆಂಟರೆಲ್ಲ ಹೇಗೆ ಸೊರಗಿಹೋದರು, ತಮ್ಮ ಮಂಡಿನೋವು ಎಷ್ಟು ಘೋರ, ಸೊಸೆ ಸಾರಿಗೆ ಎಷ್ಟು ಹುಳಿ ಹಾಕ್ತಾಳೆ, ಎಲ್ಲವೂ ಬಂತು. ಹೊಲಿಗೆ ಹಿಡಿದುಕೊಂಡು ಕೇಳಿ ಕೇಳಿ ಸಾಕಾಗಿದ್ದ ಅಜ್ಜಿ, ರೌಂಡ್ಸಿಗೆ ಬಂದ ಡಾಕ್ಟರನ್ನು ಕರೆದರು.

"ಡಾಕ್ಟ್ರೇ, ಇವಳಿಗೊಂದು ನಾಲಿಗೆಕ್ಟಮಿ ಮಾಡ್ಬಿಡಿ."

ಡಾಕ್ಟರು ನಿಂತಲ್ಲೇ ನಿಂತರು. "ಸಿಸ್ಟರ್, ಸರಿಯಾಗೇ ಇದೆ ಕಣ್ರೀ! ನಾಲಿಗೆ, ಎಕ್ಟಮಿ. ಸಂಧೀನೂ ತಪ್ಪಿಲ್ಲ!" ಅಂತ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಆ ಹೆಸರಿನ ಗತ್ತಿಗೆ ನಾದಿನಿಯೂ ಬೆರಗಾಗಿ ಕೈ ಮುಗಿದರು. "ಅದು ಮಾಡಿಸ್ಕೊಂಡ್ರೆ ನನ್ನ ಮಂಡಿನೋವು ಹೋಗ್ತದಾ ಸ್ವಾಮಿ?"

ಡಾಕ್ಟರು ಬಾಯಿ ತೆರೆಯೋ ಮೊದಲೇ ಅಜ್ಜಿ ಅಂದರು: "ನಿನ್ನ ಮಂಡಿ ವಿಷ್ಯ ಗೊತ್ತಿಲ್ಲ ಕಣೇ. ನಮ್ಮ ಕಿವಿನೋವಂತೂ ಹೋಗ್ತದೆ."